ಯಾರೂ ಕೇಳಬೇಡಿ

ನನ್ನದು ಸುಮ್ಮನಿರುವ ಬಾಯಲ್ಲ. ಬೇಕರಿಯ ಕೌಂಟರಿನ ಹಿಂದೆ ಮೂವತ್ತು ವರ್ಷ ನಿಂತವಳು ನಾನು. ಒಂದು ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ ಕೊಡುವಷ್ಟರಲ್ಲಿ ಗಿರಾಕಿಯ ಮಂಡಿನೋವು, ಸೊಸೆಯ ಸಿಟ್ಟು, ಸೋರುವ ನಲ್ಲಿ ಎಲ್ಲವನ್ನೂ ವಿಚಾರಿಸಿ ಮುಗಿಸಿರುತ್ತಿದ್ದೆ. 'ನಿಮ್ಮಂಗಡೀಲಿ ಅರ್ಧ ಬ್ರೆಡ್ ತಗೊಂಡ್ರೂ ಪೂರ್ತಿ ಪುರಾಣ ಹೇಳಿ ಹೋಗ್ಬೇಕು' ಎಂದು ಎದುರು ಮನೆಯ ದರ್ಜಿ ರೇಗಿಸುತ್ತಿದ್ದ. ಅಂಥ ನಾನು ಒಂದು ಬೇಸಿಗೆಯಲ್ಲಿ ಹೆತ್ತ ಮಗಳನ್ನು ಕೇಳಲೇಬೇಕಾಗಿದ್ದ ಒಂದೇ ಒಂದು ಮಾತನ್ನು ಕೇಳದೆ ಉಳಿದೆ, ಅದರಿಂದ ಅವಳ ಕಾಲೇಜು ಸೀಟು ಇನ್ನೇನು ಕೈತಪ್ಪುವುದರಲ್ಲಿತ್ತು. ಅದಕ್ಕೆಲ್ಲ ನಮ್ಮ ಯಜಮಾನರೇ ಕಾರಣ ಎಂದು ಬಹಳ ವರ್ಷ ಹೇಳಿಕೊಂಡು ತಿರುಗಿದೆ. ಈಗ ಹಾಗೆ ಹೇಳುವುದಿಲ್ಲ.

ಮುಂದುಗಡೆ ಅಂಗಡಿ, ನಡುವೆ ಭಟ್ಟಿಯ ಕೋಣೆ, ಹಿಂದುಗಡೆ ನಾವು ಮೂವರು ವಾಸವಿದ್ದ ಎರಡು ಕೋಣೆ. ಭಟ್ಟಿಗೆ ಅಂಟಿಕೊಂಡ ಗೋಡೆ ಎಂಥ ಚಳಿಯಲ್ಲೂ ಬೆಚ್ಚಗಿರುತ್ತಿತ್ತು. ಮಗಳು ಹುಟ್ಟಿದಾಗ ತೊಟ್ಟಿಲನ್ನು ಆ ಗೋಡೆಗೇ ಒತ್ತಿ ಇಟ್ಟಿದ್ದೆವು. ಆಮೇಲೆ ಅವಳ ಮಂಚ ಅಲ್ಲಿಗೆ ಬಂತು, ಆಮೇಲೆ ಓದುವ ಮೇಜು. ಬ್ರೆಡ್ಡಿನ ಅಂಚನ್ನು ಮಾತ್ರ ಸುತ್ತ ಕಡಿದು ನಡುವಿನದನ್ನು ಬಿಟ್ಟುಬಿಡುತ್ತಿದ್ದಳು, ಅದಕ್ಕೆ ಅವಳಪ್ಪ ಅವಳನ್ನು ಅಳಿಲು ಎಂದು ಕರೆದರು. ಹೆಸರು ಅಂಟಿಕೊಂಡಿತು. ಈ ಅಳಿಲಿಗೆ ಹುಚ್ಚು ಮಾತ್ರ ಕಲ್ಲಿನದು. ಎಲ್ಲಿ ಹೋದರೂ ಜೇಬು ತುಂಬ ಕಲ್ಲು ಹೊತ್ತು ತರುತ್ತಿದ್ದಳು. ಕಲ್ಲು, ಬೆಟ್ಟ, ಭೂಮಿಯ ಹೊಟ್ಟೆ ಇದನ್ನೇ ಓದಬೇಕು ಎಂದು ದೂರದ ಯೂನಿವರ್ಸಿಟಿಯೊಂದಕ್ಕೆ ಅರ್ಜಿ ಹಾಕಿದಳು. ರೈಲಿನಲ್ಲಿ ಎರಡು ಹಗಲು ಒಂದು ರಾತ್ರಿಯ ದಾರಿ. 'ಅಪ್ಪ ಹಿಟ್ಟು ನಾದಿದ್ದಾಯ್ತು, ಮಗಳು ಕಲ್ಲು ನಾದ್ತಾಳಂತೆ' ಎಂದು ಇವರು ಗಿರಾಕಿಗಳ ಮುಂದೆ ಹೆಮ್ಮೆಯಿಂದಲೇ ಹೇಳಿದ್ದರು.

ಇವರದು ಒಂದು ನಿಯಮ. ಬ್ರೆಡ್ ಒಳಗಿಟ್ಟ ಮೇಲೆ ಮೊದಲ ಇಪ್ಪತ್ತು ನಿಮಿಷ ಭಟ್ಟಿಯ ಬಾಗಿಲನ್ನು ಯಾರೂ ಮುಟ್ಟುವಂತಿಲ್ಲ. ತೆಗೆದರೆ ತಣ್ಣನೆ ಗಾಳಿ ಹೊಕ್ಕು, ಉಬ್ಬುತ್ತಿರುವ ಬ್ರೆಡ್ ಮುಖ ಸೊಟ್ಟ ಮಾಡಿಕೊಂಡು ಕುಸಿದು ಕೂರುತ್ತದೆ. ಮದುವೆಯಾದ ಹೊಸತರಲ್ಲಿ ನಾನು ಒಮ್ಮೆ ಇಣುಕಿ ನಲವತ್ತು ಬ್ರೆಡ್ ಹಾಳು ಮಾಡಿದ್ದೆ. ಆವತ್ತು ಇವರು ಬೈಯಲಿಲ್ಲ. 'ಆಗ್ತಾ ಇರೋದನ್ನ ಇಣುಕಿ ನೋಡ್ಬಾರ್ದು ಕಣೇ' ಎಂದರು ಅಷ್ಟೆ. ಅದು ಬ್ರೆಡ್ಡಿನ ಮಾತಾಗಿಯೇ ಉಳಿದಿದ್ದರೆ ಚೆನ್ನಾಗಿತ್ತು.

ಹಿಂದಿನ ವರ್ಷ ಎದುರು ಮನೆಯ ದರ್ಜಿಯ ಮಗ ಹೀಗೆಯೇ ಅರ್ಜಿ ಹಾಕಿ ಕಾದಿದ್ದ. 'ಬಂತಾ? ಏನಾಯ್ತು? ಇನ್ನೂ ಇಲ್ವಾ?' ಎಂದು ಬೀದಿಗೆ ಬೀದಿಯೇ ಆ ಹುಡುಗನ ಜೀವ ಹಿಂಡಿತು. ಹಿಂಡಿದವರಲ್ಲಿ ನಾನೇ ಮೊದಲನೆಯವಳು, ಸುಳ್ಳೇಕೆ ಹೇಳಲಿ? ಕೊನೆಗೆ ಸೀಟು ಸಿಗಲಿಲ್ಲ. ಹುಡುಗ ನಾಲ್ಕು ತಿಂಗಳು ಹೊಸಿಲು ದಾಟಲಿಲ್ಲ. ಅದನ್ನು ಕಣ್ಣಾರೆ ಕಂಡಿದ್ದ ಇವರು, ಅಳಿಲಿನ ಪರೀಕ್ಷೆ ಮುಗಿದ ದಿನವೇ ನನ್ನನ್ನು ಹಿಟ್ಟಿನ ಮೂಟೆಗಳ ಮರೆಗೆ ಕರೆದು ಹೇಳಿದರು: 'ಮಗು ಈಗ ಭಟ್ಟಿ ಒಳಗಿದೆ ಅಂತ ತಿಳ್ಕೋ. ಯಾರೂ ಕೇಳ್ಬಾರ್ದು. ಅವಳಾಗಿ ಹೇಳ್ದಾಗ ಹೇಳ್ಲಿ. ಮುಖ್ಯವಾಗಿ ನೀನು ಕೇಳ್ಬಾರ್ದು.'

'ನಾನೇನು ಮಾಡ್ದೆ?'

'ಇನ್ನೂ ಏನೂ ಮಾಡಿಲ್ಲ. ಅದಕ್ಕೇ ಹೇಳ್ತಿರೋದು.'

ಅಷ್ಟಕ್ಕೇ ಬಿಡಲಿಲ್ಲ ಮಹರಾಯ. ಬಂದ ಗಿರಾಕಿಗಳಿಗೆಲ್ಲ ಗುಟ್ಟಾಗಿ ಕಿವಿಯಲ್ಲಿ ಹೇಳಿದರು. ದರ್ಜಿಗೆ ಹೇಳಿದರು, ಔಷಧಿ ಅಂಗಡಿಯವನಿಗೆ ಹೇಳಿದರು, ದಿನಾ ಹನ್ನೊಂದಕ್ಕೆ ಬನ್ನಿಗೆ ಬರುತ್ತಿದ್ದ ಅವಳ ಶಾಲೆಯ ಮೇಷ್ಟ್ರ ಕೈ ಹಿಡಿದು ಮಾತು ತೆಗೆದುಕೊಂಡರು. ಇಡೀ ಬೀದಿಯ ಬಾಯಿಗೆ ಬೀಗ ಬಿತ್ತು.

ಆ ದಿನಗಳನ್ನು ನೆನೆದರೆ ಈಗ ನಗುವೂ ಬರುತ್ತದೆ, ಹೊಟ್ಟೆಯೂ ಉರಿಯುತ್ತದೆ. ನಾವು ಸುಮ್ಮನೆ ಕೂತಿರಲಿಲ್ಲ, ನಮ್ಮ ಕೈಲಾದದ್ದನ್ನೆಲ್ಲ ಮಾಡಿದೆವು. ಇವರು ದಿನಾ ಮೊದಲ ಸರದಿಯ ಬನ್ನನ್ನು ಅವಳ ಮೇಜಿನ ಮೇಲೆ ಇಟ್ಟು ಬೆಕ್ಕಿನ ಹಾಗೆ ಹೆಜ್ಜೆ ಇಡುತ್ತ ಹೊರಗೆ ಬರುತ್ತಿದ್ದರು. ನಾನು ಅವಳಿಗೆ ಉಣ್ಣೆಯ ಸ್ವೆಟರ್ ಹೆಣೆಯಲು ಶುರುಮಾಡಿದೆ, ಅಲ್ಲಿ ಚಳಿ ಎಂದು ಕೇಳಿದ್ದೆನಲ್ಲ. ಆದರೆ ಎಲ್ಲಿ ಬಾಯಿ ತಪ್ಪುತ್ತದೋ ಎಂದು ಅವಳು ಬಂದ ಕೂಡಲೇ ಅದನ್ನು ದಿಂಬಿನ ಅಡಿಗೆ ತುರುಕುತ್ತಿದ್ದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದಂತೆ ಕಾಣಬಾರದು ಎಂಬ ಭಯ ಬೇರೆ. ಪೇಪರಿನಲ್ಲಿ ಕಾಲೇಜು ಎಂಬ ಪದ ಕಂಡರೆ ಸಾಕು, ಆ ಪುಟವನ್ನು ಬ್ರೆಡ್ ಸುತ್ತಲು ಮುಂದೆ ಎಳೆದುಬಿಡುತ್ತಿದ್ದೆ.

ಸಂಜೆ ಅವಳೂ ನಾನೂ ಹಿಂದಿನ ಮೆಟ್ಟಿಲ ಮೇಲೆ ಕೂತು ಹಳೆ ಪೇಪರಿನಿಂದ ಪೊಟ್ಟಣ ಮಾಡುತ್ತಿದ್ದೆವು. ಅವಳು ಮಡಿಸುವುದು, ನಾನು ಮೈದಾ ಅಂಟು ಸವರುವುದು. ಅವಳ ಮಡಿಕೆ ಗೆರೆ ಎಳೆದ ಹಾಗೆ ನೇರ. ಬೆರಳ ತುದಿಯಲ್ಲಿ ಒಣಗಿದ ಅಂಟು ಸಿಪ್ಪೆ ಸಿಪ್ಪೆಯಾಗಿ ಏಳುತ್ತಿತ್ತು, ಅವಳು ಚಿಕ್ಕವಳಿದ್ದಾಗಿನಂತೆ ಅದನ್ನು ಕಿತ್ತುಕೊಂಡು ಕೂರುತ್ತಿದ್ದಳು. ಒಂದು ಸಂಜೆ ಕೈ ನಿಲ್ಲಿಸಿ, 'ಅಮ್ಮ, ಒಂದು ಮಾತು' ಎಂದಳು. ಏನು ಕೆಟ್ಟ ಸುದ್ದಿಯೋ, ನನ್ನ ಮುಖ ನೋಡಿ ಇನ್ನೂ ಎದೆಗೆಡುತ್ತಾಳೋ ಎಂದು, 'ಮೊದ್ಲು ಈ ಕಟ್ಟು ಮುಗ್ಸು, ಆಮೇಲೆ ಹೇಳುವಿಯಂತೆ' ಎಂದೆ. ಕಟ್ಟು ಮುಗಿಸಿದಳು. ಏನೂ ಹೇಳದೆ ಎದ್ದು ಹೋದಳು. ಯಜಮಾನರಿಗೆ ಹೇಳಿದಾಗ, 'ಭೇಷ್, ಸರಿಯಾಗಿ ಮಾಡಿದೆ' ಎಂದರು. ಮದುವೆಯಾದ ಮೇಲೆ ಅವರ ಬಾಯಲ್ಲಿ ನಾನು ಭೇಷ್ ಅನ್ನಿಸಿಕೊಂಡದ್ದು ಅದೊಂದೇ ಸಲ.

ಹೀಗಿರುವಾಗ ಒಂದು ಶುಕ್ರವಾರ ಬೆಳಿಗ್ಗೆ ಅಳಿಲು ನನ್ನ ಏಪ್ರನ್ ಕಟ್ಟಿಕೊಂಡು ಭಟ್ಟಿಯ ಕೋಣೆಗೆ ಬಂದಳು. 'ಅಪ್ಪ, ಮುಂದಿನ ತಿಂಗಳಿಂದ ನನಗೂ ಹಿಟ್ಟು ನಾದೋದು ಹೇಳ್ಕೊಡ್ತೀಯಾ?'

'ಅದಕ್ಕೇನಂತೆ? ಬಾ' ಎಂದರು ಇವರು. ಕಾಯುವ ಹೊತ್ತು ಕಳೆಯಲು ಕೇಳುತ್ತಿದ್ದಾಳೆ ಎಂದುಕೊಂಡರು. ನಾನು ಹಾಗೆಂದುಕೊಳ್ಳಲಿಲ್ಲ. ಮುಂದಿನ ತಿಂಗಳಿಂದ ಎಂದರೆ ಸೀಟು ಸಿಗಲಿಲ್ಲ ಎಂದೇ ಅರ್ಥ ಮಾಡಿಕೊಂಡೆ. ಆಗ ನನಗೆ ಏನಾಯಿತೆಂದು ಹೇಳಿಯೇಬಿಡುತ್ತೇನೆ: ಸಂತೋಷವಾಯಿತು. ಒಂದು ಕ್ಷಣ ಮಾತ್ರ, ಆದರೆ ಆಯಿತು. ಮಗಳು ಎಲ್ಲಿಗೂ ಹೋಗುವುದಿಲ್ಲ, ಮೇಜು ಆ ಬೆಚ್ಚನೆ ಗೋಡೆಯ ಹತ್ತಿರವೇ ಇರುತ್ತದೆ ಎಂದು. ಆಮೇಲೆ ನಾಚಿಕೆಯಾಗಿ ಕೌಂಟರಿಗೆ ಹೋಗಿ ಒರೆಸಿದ ಗಾಜನ್ನೇ ಮತ್ತೆ ಒರೆಸಿದೆ.

ಹನ್ನೊಂದಕ್ಕೆ ಮೇಷ್ಟ್ರು ಬಂದರು. ಬನ್ ತೆಗೆದುಕೊಂಡರು, ಹೋಗಲಿಲ್ಲ. ಕೊಡೆಯ ಹಿಡಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸುತ್ತ ನಿಂತರು.

'ನೋಡಿಮ್ಮಾ, ಏನೂ ಕೇಳಲ್ಲ ಅಂತ ನಿಮ್ಮನೆಯವರಿಗೆ ಮಾತು ಕೊಟ್ಟಿದೀನಿ. ಹಾಗಾಗಿ ನಾನೇನೂ ಕೇಳ್ತಾ ಇಲ್ಲ. ಆದ್ರೆ ಇವತ್ತು ಸಂಜೆ ಐದಕ್ಕೆ ನಮ್ಮ ಆಫೀಸು ಬಾಗಿಲು ಹಾಕತ್ತೆ. ಅಷ್ಟರೊಳಗೆ ನಿಮ್ಮ ಸಹಿ ಆದ ಫಾರಂ ಬರ್ದೇ ಇದ್ರೆ ಆ ಸೀಟು ಬೇರೆಯವರಿಗೆ ಹೋಗತ್ತೆ.'

'ಯಾವ ಸೀಟು ಮೇಷ್ಟ್ರೇ?'

ಅವರು ನನ್ನನ್ನೇ ನೋಡಿದರು. 'ಅವಳಿಗೆ ಸಿಕ್ಕಿರೋ ಸೀಟು. ಕಾಗದ ಶಾಲೆಗೆ ಬಂದು ಇವತ್ತಿಗೆ ಇಪ್ಪತ್ತಮೂರು ದಿನ ಆಯ್ತಲ್ಲಮ್ಮಾ. ನಾನೇ ಅವಳ ಕೈಗೆ ಕೊಟ್ಟೆ.'

ಕೌಂಟರನ್ನು ಹಾಗೇ ಬಿಟ್ಟು ಹಿತ್ತಲಿಗೆ ಓಡಿದೆ. ಅಳಿಲು ಬ್ರೆಡ್ಡಿನ ಅಚ್ಚುಗಳಿಗೆ ಎಣ್ಣೆ ಬಟ್ಟೆ ಒರೆಸುತ್ತ ಕೂತಿದ್ದಳು. ಬೀಗ, ನಿಯಮ, ಭಟ್ಟಿ ಎಲ್ಲ ಹಾಳಾಗಿ ಹೋಗಲಿ ಎಂದು ಬಾಯಿ ಬಿಟ್ಟೆ. 'ಸೀಟು ಸಿಕ್ಕಿದ್ದನ್ನ ಯಾಕೆ ಹೇಳ್ಲಿಲ್ಲ? ಎಲ್ಲಿ ಫಾರಂ? ತಾ ಇಲ್ಲಿ!'

ಒಳಗೆ ಹೋಗಿ ತಂದು ಕೊಟ್ಟಳು. ನಾಲ್ಕು ಮಡಿಕೆ, ಅವಳ ಪೊಟ್ಟಣದ ಮಡಿಕೆಯಂತೆಯೇ ನೇರ. ಬಿಡಿಸಿ ನೋಡಿದೆ. 'ಸೀಟು ಬೇಡ' ಎನ್ನುವಲ್ಲಿ ಶಾಯಿಯಲ್ಲಿ ಗುರುತು ಹಾಕಿತ್ತು. ಕೆಳಗೆ 'ಕಾರಣ' ಎಂದಿದ್ದ ಕಡೆ ಅವಳ ದುಂಡು ಅಕ್ಷರ: ಮನೆಯಲ್ಲಿ ನನ್ನ ಅಗತ್ಯವಿದೆ. ಹೆತ್ತವರ ಸಹಿಯ ಜಾಗ ಖಾಲಿ.

'ಅಗತ್ಯ ಇದೆ ಅಂತ ಯಾರು ಹೇಳಿದ್ರು ನಿನಗೆ?'

'ಯಾರೂ ಹೇಳ್ಲಿಲ್ಲ. ಯಾರೂ ಕೇಳ್ಲೂ ಇಲ್ಲ.' ಅವಳು ಅಚ್ಚುಗಳನ್ನು ಪಕ್ಕಕ್ಕೆ ತಳ್ಳಿದಳು. 'ಬೀದಿ ನಾಯಿಗೂ ಊಟ ಆಯ್ತೇನೋ ಅಂತ ಕೇಳ್ತೀಯಲ್ಲಮ್ಮ ನೀನು. ನನ್ನನ್ನ ಇದೊಂದು ಮಾತು ಕೇಳ್ಲಿಲ್ಲ. ನಾನಾಗೇ ಹೇಳೋಕೆ ಬಂದ್ರೆ ಪೊಟ್ಟಣ ಮುಗ್ಸು ಅಂದೆ. ನಾನು ಹೋಗೋದು ನಿಮಗಿಬ್ರಿಗೂ ಇಷ್ಟ ಇಲ್ಲ, ಹೇಳೋಕಾಗದೆ ಒದ್ದಾಡ್ತಿದೀರ ಅಂದ್ಕೊಂಡೆ.'

ನನ್ನ ಗದ್ದಲ ಕೇಳಿ ಇವರು ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಬಂದು ಬಾಗಿಲಲ್ಲಿ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಫಾರಂ ಇಸಿದುಕೊಂಡು ಓದಿದರು. ಆ ಒಂದು ಸಾಲನ್ನು ಓದಲು ಬಹಳ ಹೊತ್ತು ತೆಗೆದುಕೊಂಡರು. ಆಮೇಲೆ, 'ತಪ್ಪು ನಂದು ಮಗಳೇ. ನೀನು ಬ್ರೆಡ್ಡಲ್ಲ ಅನ್ನೋದು ಮರ್ತುಹೋಯ್ತು' ಎಂದು ಕಣ್ಣೊರೆಸಿಕೊಂಡರು, ಮುಖವೆಲ್ಲ ಹಿಟ್ಟಾಯಿತು. ಬ್ರೆಡ್ಡು ಎಲ್ಲಿಂದ ಬಂತೆಂದು ಅವಳಿಗೆ ಅರ್ಥವಾಗಲಿಲ್ಲ. ಪರೀಕ್ಷೆ ಮುಗಿದ ದಿನದಿಂದ ನಡೆದದ್ದನ್ನೆಲ್ಲ ನಾನು ಒಂದೇ ಉಸಿರಿನಲ್ಲಿ ಹೇಳಿದೆ. ಬೀದಿಯವರ ಬಾಯಿಗೆಲ್ಲ ಬೀಗ ಹಾಕಿಸಿದ್ದು ಕೇಳಿ ಅವಳು ಅಳುತ್ತಲೇ ನಕ್ಕಳು. 'ಅದಕ್ಕೇನಾ ಔಷಧಿ ಅಂಗಡಿಯವರು ನನ್ನ ಕಂಡ್ರೆ ಒಳಗೆ ಓಡಿ ಹೋಗ್ತಿದ್ದಿದ್ದು?'

ಮೇಷ್ಟ್ರು ಇನ್ನೂ ಕೌಂಟರಿನ ಮುಂದೆಯೇ ನಿಂತಿದ್ದರು, ಪಾಪ. ಫಾರಂ ನೋಡಿ, 'ಬೇಡ ಅನ್ನೋದನ್ನ ಹೊಡೆದುಹಾಕಿ, ಬೇಕು ಅನ್ನೋ ಕಡೆ ಗುರುತು ಹಾಕಿ, ಮೂವರೂ ಬಂದು ನನ್ನೆದುರಿಗೆ ಸಹಿ ಮಾಡಿ, ಸಾಕು' ಎಂದರು. ಮೂವರೂ ಹೊರಟೆವು. ಭಟ್ಟಿಯಲ್ಲಿ ಅರವತ್ತು ಬ್ರೆಡ್ ಇದ್ದದ್ದು ಶಾಲೆ ಮುಟ್ಟಿದ ಮೇಲೆ ನೆನಪಾಯಿತು. ಇವರು 'ಸುಟ್ಟುಹೋಗ್ಲಿ ಬಿಡು' ಎಂದದ್ದು ಜೀವಮಾನದಲ್ಲಿ ಅದೇ ಮೊದಲು. ಸುಟ್ಟೇ ಹೋಯಿತು. ಎರಡು ದಿನ ಬೀದಿಯೆಲ್ಲ ಸೀದ ವಾಸನೆ.

ಸಹಿಯಾದ ಮೇಲೆ ಇವರು ಭಟ್ಟಿಯ ಕಡೆ ಓಡಿದರು. ಅವಳೂ ನಾನೂ ನಿಧಾನವಾಗಿ ನಡೆದುಬಂದೆವು. ಅರ್ಧ ದಾರಿಯಲ್ಲಿ ಅವಳು ನನ್ನ ಕೈ ಹಿಡಿದಳು. ಕೈ ಹಿಡಿದು ನಡೆಯುವುದನ್ನು ಬಿಟ್ಟು ಆರೇಳು ವರ್ಷವಾಗಿತ್ತು.

'ನಿಜ ಹೇಳಮ್ಮ. ನಾನು ಹೋಗೋದು ನಿನಗೆ ಇಷ್ಟಾನಾ?'

ಸುಳ್ಳು ಹೇಳಬಹುದಿತ್ತು. ಎಲ್ಲ ತಾಯಂದಿರೂ ಹೇಳುವ ಸುಳ್ಳು. ಆದರೆ ಅಷ್ಟು ದಿನ ಕಟ್ಟಿಟ್ಟ ಬಾಯಿ ಅದು, ತಡೆಯಲಿಲ್ಲ.

'ಇಲ್ಲ ಕಣೇ. ಒಂದು ಚೂರೂ ಇಷ್ಟ ಇಲ್ಲ. ನೀನಿಲ್ದಿದ್ರೆ ಆ ಮನೇಲಿ ನನಗೆ ಉಸಿರು ಕಟ್ಟತ್ತೆ. ಆದ್ರೂ ಹೋಗು. ಹೋಗ್ಲೇಬೇಕು.'

ಅವಳು ನನ್ನ ಕೈಯನ್ನು ಗಟ್ಟಿಯಾಗಿ ಒತ್ತಿದಳು. 'ಇದನ್ನೇ ಮೊದ್ಲೇ ಹೇಳಿದ್ದಿದ್ರೆ ಆವತ್ತೇ ಫಾರಂ ತಂದು ನಿನ್ನ ಕೈಗೆ ಕೊಟ್ಟಿರ್ತಿದ್ದೆ.'

ಹೊರಡುವ ದಿನ ಬೇಗ ಬಂತು. ಈಗ ಅವಳು ಯಾವುದೋ ಬೆಟ್ಟದ ಬುಡದಲ್ಲಿ ತನ್ನ ಗಂಡ ಮಕ್ಕಳೊಂದಿಗೆ ಇದ್ದಾಳೆ. ವಾರಕ್ಕೆರಡು ಸಲ ಫೋನು ಮಾಡುತ್ತಾಳೆ, ನಾನು ಕೇಳಬೇಕಾದದ್ದು ಕೇಳಬಾರದ್ದು ಎಲ್ಲ ಕೇಳುತ್ತೇನೆ, ಅವಳು ಬೈಯುತ್ತಲೇ ಹೇಳುತ್ತಾಳೆ. ಸೀಟಂತೂ ಉಳಿಯಿತು, ಅದರ ಚಿಂತೆ ನನಗೆ ಯಾವತ್ತೋ ಹೋಯಿತು. ನನ್ನನ್ನು ಕೊರೆಯುವುದೇ ಬೇರೆ. ಅವಳು ಸಂಪೂರ್ಣ ನಮ್ಮವಳಾಗಿ ಆ ಮನೆಯಲ್ಲಿ ಇದ್ದ ಕೊನೆಯ ಬೇಸಿಗೆ ಅದು. ಕಾಗದ ಬಂದ ದಿನದಿಂದ ರೈಲು ಹತ್ತಿದ ದಿನದವರೆಗೆ ಲೆಕ್ಕ ಹಾಕಿದರೆ ಅರವತ್ತೇ ದಿನ. ಅದರಲ್ಲಿ ಇಪ್ಪತ್ತಮೂರು ದಿನ ನಾವು ಪ್ರೀತಿಯಿಂದಲೇ ಅವಳೊಡನೆ ಮಾತು ಬಿಟ್ಟಿದ್ದೆವು.