ಕ್ಷೌರಿಕನ ನೆತ್ತಿಯಿಂದ ಇಣುಕಿದ್ದು

ಆ ಕ್ಷೌರಿಕನ ಕತ್ತರಿಗಿಂತ ನಾಲಿಗೆಯೇ ಹರಿತ. ಅವನ ಕಿವಿಗೆ ಬಿದ್ದ ಗುಟ್ಟು ಸಂಜೆಯೊಳಗೆ ಬೀದಿಗೆಲ್ಲ ಗೊತ್ತು. ಡಾಕ್ಟರರ ಕೂದಲು ವಿಗ್ ಎಂಬ ಒಂದೇ ಸಂಗತಿ ಇನ್ನೂ ಅವನ ಹೊಟ್ಟೆಯಲ್ಲಿತ್ತು. ಅದೂ ಇವತ್ತೋ ನಾಳೆಯೋ ಎನ್ನುವಂತಿತ್ತು.

ಬಾವಮೈದನ ಮನೆಗೆಂದು ಹೊರದೇಶಕ್ಕೆ ಹೋದ ಕ್ಷೌರಿಕ ಅಲ್ಲಿನ ಕಾಡು ನೋಡಿ, ಸೊಳ್ಳೆ ಕಚ್ಚಿಸಿಕೊಂಡು ವಾಪಸು ಬಂದ. ಮೂರನೇ ವಾರಕ್ಕೆ ನೆತ್ತಿಯಲ್ಲೊಂದು ಗುಳ್ಳೆ. ಒಳಗೆ ಏನೋ ಮಿಸುಕಿದ ಹಾಗೆ.

"ಡಾಕ್ಟರಿಗೆ ತೋರ್ಸಿ ಅಂದ್ರೆ ಕೇಳಲ್ಲ" ಎಂದಳು ಹೆಂಡತಿ.

"ತೋರ್ಸಿದ್ರೆ ಊರಿಗೇ ಗೊತ್ತಾಗುತ್ತೆ ಕಣೇ! ತಲೇಲಿ ಹುಣ್ಣಿರೋನ ಕೈಗೆ ಯಾರು ತಲೆ ಕೊಡ್ತಾರೆ?"

ಇಪ್ಪತ್ತು ವರ್ಷದ ಅಂಗಡಿ. ಅದು ಮುಚ್ಚಿಹೋದರೆ ಎಂಬ ಹೆದರಿಕೆಗೆ ಅವನು ದಿನಾ ಬೆಳಿಗ್ಗೆ ಗುಳ್ಳೆಯ ಮೇಲೆ ಕೂದಲಿಗೆ ಹಚ್ಚುವ ಗಟ್ಟಿ ಮೇಣವನ್ನು ಮೆತ್ತಿ, ಮೇಲೆ ಕ್ರಾಪು ಎಳೆದು ಕೂರಿಸತೊಡಗಿದ. ಇಷ್ಟು ಬುದ್ಧಿವಂತಿಕೆ ಕ್ಷೌರಿಕರಿಗಷ್ಟೇ ಬರುತ್ತದೆ.

ಒಂದು ಮಧ್ಯಾಹ್ನ ಬಾಗಿಲು ಅರ್ಧ ಎಳೆದು ಡಾಕ್ಟರರ ವಿಗ್ಗಿನ ಅಂಚು ಸರಿಮಾಡುತ್ತ ಬಗ್ಗಿದ್ದ. ಡಾಕ್ಟರರ ಕಣ್ಣು ಕನ್ನಡಿಯಲ್ಲಿ ನೆಟ್ಟುಹೋಯಿತು.

"ಅಲ್ಲಾಡ್ಬೇಡಪ್ಪ. ನಿನ್ನ ತಲೆಯಿಂದ ಯಾರೋ ಇಣುಕ್ತಿದಾರೆ."

ಅದು ಆ ಹೊರದೇಶದ ಕಾಡಿನ ಒಂದು ಜಾತಿಯ ನೊಣದ ಮರಿಹುಳ. ಮೊಟ್ಟೆಯಾಗಿ ಸೊಳ್ಳೆಯ ಮೈಗಂಟಿ ಬಂದು ಚರ್ಮದೊಳಗೆ ಮನೆ ಮಾಡಿತ್ತು. ಮೇಣ ಬಳಿದು ಉಸಿರಿನ ಕಿಂಡಿ ಮುಚ್ಚಿದ್ದರಿಂದ ಗಾಳಿಗೆಂದು ತಲೆ ಹೊರಹಾಕಿತ್ತು. ಡಾಕ್ಟರರು ಅವನನ್ನು ಅವನದೇ ಕುರ್ಚಿಯಲ್ಲಿ ಕೂರಿಸಿ, ತಮ್ಮ ಚೀಲ ತೆರೆದು ಮರಗಟ್ಟಿಸುವ ಸೂಜಿ ಚುಚ್ಚಿ, ಚಿಮಟದಿಂದ ಹುಳವನ್ನು ಇಡಿಯಾಗಿ ಎಳೆದರು.

"ಇದೇನು ಅಂಟುಜಾಡ್ಯ ಅಲ್ಲ" ಎಂದರು.

"ಅದು ಊರವರಿಗೆ ಅರ್ಥ ಆಗುತ್ತಾ? ನಿಮ್ಮ ಕಾಲಿಗೆ ಬೀಳ್ತೀನಿ, ಯಾರಿಗೂ ಹೇಳ್ಬೇಡಿ."

ಡಾಕ್ಟರರು ಹುಳವನ್ನು ಸಾಕ್ಷಿಗಿರಲೆಂದು ಸೀಸೆಗೆ ಹಾಕಿ, ವಿಗ್ ಒತ್ತಿಕೊಂಡರು. "ನನ್ನ ತಲೆ ವಿಷ್ಯ ನಿನ್ನ ಹತ್ರ, ನಿನ್ನ ತಲೆ ವಿಷ್ಯ ನನ್ನ ಹತ್ರ. ಇನ್ಮೇಲೆ ಈ ಅಂಗಡೀಲಿ ಕತ್ತರಿ ಸದ್ದು ಮಾತ್ರ ಕೇಳ್ಬೇಕು."

ಕ್ಷೌರಿಕ ಬಾಯಿಗೆ ಬೀಗ ಹಾಕಿದ. ಡಾಕ್ಟರರ ಸುದ್ದಿ ಬೇಡ, ಯಾರ ಸುದ್ದಿಯೂ ಬೇಡ. ಒಂದು ಶುರುವಾದರೆ ಇನ್ನೊಂದು ಜಾರೀತು. ಎರಡೇ ವಾರದಲ್ಲಿ ಬೆಂಚು ಖಾಲಿ. ಬರೀ ಕೂದಲು ಕತ್ತರಿಸುವುದಾದರೆ ಎದುರುಗಡೆಯೂ ಒಬ್ಬನಿದ್ದನಲ್ಲ!

"ಊರವರ ತಲೆಗೆಲ್ಲ ಹುಳ ಬಿಡ್ತಿದ್ರಿ" ಎಂದಳು ಹೆಂಡತಿ. "ನಿಮ್ಮ ಹುಳ ಹೋಯ್ತು, ಜೊತೆಗೆ ಅಂಗಡೀನೂ ಹೋಯ್ತು."

ಮರುದಿನ ಒಬ್ಬಂಟಿಯಾಗಿ ಬಂದ ಪೋಸ್ಟ್‌ಮಾಸ್ಟರರ ಕತ್ತಿಗೆ ಬಟ್ಟೆ ಕಟ್ಟುತ್ತ ಕ್ಷೌರಿಕ ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟ: "ಸಾರ್, ನನ್ನ ತಲೇಲಿ ಒಂದು ಹುಳ ಇತ್ತು."

ಪೋಸ್ಟ್‌ಮಾಸ್ಟರರು ಎದ್ದು ಓಡಲಿಲ್ಲ. "ಎಷ್ಟುದ್ದ?" ಎಂದರು.

ಬೆಳಿಗ್ಗೆ ಕಡಲೆಕಾಳಿನಷ್ಟಿದ್ದ ಹುಳ ಸಂಜೆಗೆ ಕಿರುಬೆರಳಾಗಿತ್ತು. ಬೆಂಚು ತುಂಬಿ ಜನ ಬಾಗಿಲಲ್ಲಿ ನಿಂತಿದ್ದರು. ಸುದ್ದಿ ಕೇಳಿ ಡಾಕ್ಟರರು ಓಡೋಡಿ ಬಂದರು. ಒಂದು ಕೈಯಲ್ಲಿ ಇನ್ನು ಕೆಲಸಕ್ಕೆ ಬಾರದ ಸೀಸೆ, ಇನ್ನೊಂದು ಕೈ ತಲೆಯ ಮೇಲೆ.

"ಬನ್ನಿ ಬನ್ನಿ, ನಿಮ್ಮ ವಿಷ್ಯಕ್ಕೇ ಬರ್ತಿದ್ದೆ" ಎಂದ ಕ್ಷೌರಿಕ.

ಅಂಗಡಿಯಲ್ಲಿ ಎಲ್ಲರ ಕಿವಿ ನಿಮಿರಿತು. ಡಾಕ್ಟರರ ಮುಖ ಬಿಳಿಚಿಕೊಂಡಿತು. ಅದನ್ನು ಕಂಡು ಕ್ಷೌರಿಕನಿಗೆ ಅಯ್ಯೋ ಅನ್ನಿಸಿತು. ಗುಟ್ಟು ಹೊತ್ತ ತಲೆಯ ಭಾರ ಈಗ ಅವನಿಗೂ ಗೊತ್ತಿತ್ತು.

"ನೋಡ್ರಪ್ಪ, ನನ್ನ ಹುಳ ಕಿತ್ತ ಕೈ ಇವ್ರದ್ದೇ" ಎಂದ.

ಆ ಕೈ ಮೆಲ್ಲಗೆ ತಲೆಯಿಂದ ಕೆಳಗಿಳಿಯಿತು.