ಒಂದು ಬೀಗಕ್ಕೆ ಎಷ್ಟು ಕೀಲಿ

ಬಿಷ್ಕೆಕ್ ನಗರದ ಮಾಂಸದ ಸಂತೆಯಲ್ಲಿ ಉಮ್ಸುನಾಯ್ ಕುರಿಯ ಕರುಳು ತೊಳೆಯುತ್ತಿದ್ದಳು. ತಣ್ಣೀರಿನಲ್ಲೇ ತೊಳೆಯಬೇಕು, ಬಿಸಿನೀರಾದರೆ ಕರುಳು ಹರಿಯುತ್ತದೆ. ಮಲಗುವುದಕ್ಕೆ ಸಂತೆಯ ಹಿಂದಿನ ಕಬ್ಬಿಣದ ಪೆಟ್ಟಿಗೆ, ಲಾರಿಯಲ್ಲಿ ಸರಕು ತುಂಬಿ ಸಾಗಿಸುವಂಥದ್ದು, ಕೋಣೆಯಷ್ಟು ದೊಡ್ಡದು. ಅದರಲ್ಲಿ ಅವಳೂ ಅತ್ತೆ ಬತ್ಮಾ ಮುದುಕಿಯೂ ಇದ್ದರು. ರಾತ್ರಿ ಇಬ್ಬರು ಬಿಟ್ಟ ಉಸಿರು ಮಾಡಿಗೆ ಹತ್ತಿ, ಬೆಳಗ್ಗೆ ಹನಿಯಾಗಿ ಹಾಸಿಗೆಯ ಮೇಲೆ ಬೀಳುತ್ತಿತ್ತು. ಹೋದ ಚಳಿಗಾಲಕ್ಕೆ ಮುದುಕಿಯ ಎದೆ ಕಟ್ಟಿತ್ತು. ಇನ್ನೊಂದು ಚಳಿಗಾಲ ಅಲ್ಲೇ ಕಳೆದರೆ ಬದುಕುವುದಿಲ್ಲ ಎಂದು ಆಸ್ಪತ್ರೆಯವಳು ಹೇಳಿ ಕಳಿಸಿದ್ದಳು. ಒಲೆ ಇರುವ ಮನೆ ಬೇಕಿತ್ತು, ಹಿಮ ಬೀಳುವುದರೊಳಗೆ.

ಮನೆ ಕೇಳಿ ಹೋದ ಕಡೆಯಲ್ಲೆಲ್ಲ ಮಾಲೀಕರು ಮೊದಲು ಮೂಗು ಮುಚ್ಚಿಕೊಳ್ಳುತ್ತಿದ್ದರು, ಆಮೇಲೆ ಬಾಗಿಲು. ಮೂಗು ಮುಚ್ಚದವನು ದಲ್ಲಾಳಿ ಮೆಲಿಸ್ ಒಬ್ಬನೇ. ಅವನು ಬಾಯಿಯನ್ನೂ ಹೆಚ್ಚು ತೆರೆಯುತ್ತಿರಲಿಲ್ಲ. ಎಷ್ಟು ಕೋಣೆ ಎಂದರೆ "ನೋಡೋಣ" ಎನ್ನುವನು. ಮಾಲೀಕರು ಯಾರು ಎಂದರೆ "ಆಗುತ್ತೆ" ಎನ್ನುವನು. ಫೋನಿನಲ್ಲಿ ಏನು ಕೇಳಿದರೂ ಒಂದು ಹೆಬ್ಬೆರಳಿನ ಚಿತ್ರ ಕಳಿಸುವನು. ಉಮ್ಸುನಾಯ್ ಅದನ್ನು ಸಂತೆಯ ಹೆಂಗಸರಿಗೆ ತೋರಿಸಿದಳು. ಬೆರಳು ಮೇಲಕ್ಕಿದೆ, ಒಳ್ಳೆಯದೇ ಇರಬೇಕು ಎಂದರು ಅವರು.

ಊರಾಚೆಯ ಹೊಸ ಬಡಾವಣೆಯಲ್ಲಿ ಮೆಲಿಸ್ ಮನೆ ತೋರಿಸಿದ. ಎರಡು ಕೋಣೆ, ಮಣ್ಣಿನ ಗೋಡೆ, ಒಲೆ. ಮೇಜಿನ ಮೇಲೆ ಒಂದು ದುಂಡು ರೊಟ್ಟಿ ಇತ್ತು. ಅವನು ಅದನ್ನು ಮುರಿದು ಅವಳ ಕೈಗಿಟ್ಟ. ಅವಳು ತಿಂದಳು. ಅವರ ಕಡೆ ಹೊಸ್ತಿಲು ದಾಟಿ ರೊಟ್ಟಿ ತಿಂದ ಮೇಲೆ ಮನೆಯ ಕಾಗದಪತ್ರ ಕೇಳುವುದೆಂದರೆ ಕೊಟ್ಟವನ ಮುಖಕ್ಕೆ ಉಗಿದ ಹಾಗೆ. ಅವಳು ಕೇಳಲಿಲ್ಲ. ಮುಂಗಡ ಕೊಟ್ಟಳು, ಕೀಲಿ ಇಸಿದುಕೊಂಡಳು.

ಮುದುಕಿಯನ್ನು ಕೈಗಾಡಿಯಲ್ಲಿ ಕೂರಿಸಿಕೊಂಡು ಬಂದು ಬೀಗ ತೆಗೆದರೆ, ಒಳಗೆ ಒಬ್ಬ ಗಂಡಸು ಒಲೆ ಊದುತ್ತಿದ್ದ. ಪಕ್ಕದಲ್ಲಿ ಅವನ ಬಸುರಿ ಹೆಂಡತಿ. ಅವನ ಹೆಸರು ಝಾನಿಶ್, ಗಾರೆ ಕೆಲಸದವನು. ಗಾಳಿಗೆ ಬಾಗಿಲು ತೆರೆಯದಿರಲೆಂದು ಒಳಗಿನಿಂದಲೇ ಬಾಗಿಲಿನ ಬೀಗ ತಿರುಗಿಸಿಕೊಂಡಿದ್ದನಂತೆ.

"ಅಕ್ಕ, ನೀವು ಹೇಗೆ ಬಂದ್ರಿ?"

"ಕೀಲಿ ತೆಗೆದುಕೊಂಡು ಬಂದೆ ತಮ್ಮ."

ಅವನು ಜೇಬಿನಿಂದ ತನ್ನ ಕೀಲಿ ತೆಗೆದ. ಎರಡನ್ನೂ ಹಾಕಿ ನೋಡಿದರು. ಎರಡಕ್ಕೂ ಬೀಗ ಬಿಚ್ಚಿತು.

"ರೊಟ್ಟಿ ತಿಂದ್ರಾ?" ಎಂದ ಝಾನಿಶ್.

"ತಿಂದೆ. ನೀನು?"

"ನಾನೂ ತಿಂದೆ. ನನ್ನ ಹೆಂಡತಿ ಎರಡು ಚೂರು ತಿಂದಳು."

ಬತ್ಮಾ ಮುದುಕಿ ಕೈಗಾಡಿಯಿಂದಲೇ ಹೇಳಿದಳು: "ಹಾಗಾದ್ರೆ ಅವಳಿಗೇ ಹಕ್ಕು ಹೆಚ್ಚು. ಮೊದಲು ನನ್ನ ಇಳಿಸ್ರೋ."

ನಡುವೆ ಒಂದು ಕಂಬಳಿ ಕಟ್ಟಿಕೊಂಡರು. ಮೆಲಿಸ್‌ಗೆ ಫೋನು ಮಾಡಿದರು, ಎತ್ತಲಿಲ್ಲ. ಒಂದು ಮನೆಗೆ ಎರಡು ಸಂಸಾರ ಯಾಕೆ ಎಂದು ಕೇಳಿ ಕಳಿಸಿದರು. ಹೆಬ್ಬೆರಳು ಬಂತು. ಮುದುಕಿಗೆ ಒಲೆಯ ಪಕ್ಕ ಜಾಗ ಸಿಕ್ಕಿತ್ತು, ಕೆಮ್ಮು ಇಳಿಯುತ್ತಿತ್ತು. ಸದ್ಯಕ್ಕೆ ಅಷ್ಟು ಸಾಕೆಂದು ಉಮ್ಸುನಾಯ್ ಸುಮ್ಮನಾದಳು.

ಮೊದಲ ಹಿಮ ಬಿದ್ದ ಭಾನುವಾರ ಹೊರಗಿನಿಂದ ಕೀಲಿ ತಿರುಗಿ ಬಾಗಿಲು ತೆರೆಯಿತು. ಮೆಲಿಸ್ ನಿಂತಿದ್ದ. ಭಾನುವಾರ ಸಂತೆಗೆ ಬಿಡುವಿಲ್ಲ, ಮುದುಕಿ, ಬಸುರಿ ಬಿಟ್ಟು ಮನೆಯಲ್ಲಿ ಕೇಳುವವರು ಯಾರೂ ಇರುವುದಿಲ್ಲ ಎಂದುಕೊಂಡಿದ್ದ, ಆದರೆ ಹಿಮಕ್ಕೆ ಅಂದು ಸಂತೆ ಕೂಡಿರಲಿಲ್ಲ. ಅವನ ಹಿಂದೆ ಗಂಟು ಹೊತ್ತ ಒಬ್ಬ ಹೆಂಗಸು. ಅವನ ಕಂಕುಳಲ್ಲಿ ಹೊಸ ರೊಟ್ಟಿ. ಒಂದು ಚೂರು ಆಗಲೇ ಅವಳ ಕೈಯಲ್ಲಿತ್ತು.

"ತಿನ್ನಬೇಡ ತಂಗಿ," ಎಂದಳು ಉಮ್ಸುನಾಯ್.

ಝಾನಿಶ್ ಇಬ್ಬರನ್ನೂ ಒಳಗೆ ಬಿಟ್ಟುಕೊಂಡು, ಬಾಗಿಲು ಹಾಕಿ ಅದಕ್ಕೆ ಬೆನ್ನು ಕೊಟ್ಟು ಕುಳಿತ. ಯಾರೂ ಕೂಗಾಡಲಿಲ್ಲ. ಉಮ್ಸುನಾಯ್ ಚಹಾ ಸುರಿದಳು. ಮನೆಗೆ ಬಂದವನಿಗೆ ಚಹಾ ಕೊಡಲೇಬೇಕು, ಅವನು ಎಂಥವನೇ ಆಗಿರಲಿ.

"ಈ ಮನೆ ಯಾರದು ಮೆಲಿಸ್?"

"ನೋಡೋಣ."

ಅವಳು ಇನ್ನೊಂದು ಬಟ್ಟಲು ಸುರಿದಳು. ಮತ್ತೆ ಕೇಳಿದಳು. ಹಾಗೆ ಚಹಾ ಸುರಿಯುತ್ತ, ಕೇಳುತ್ತ ಮಧ್ಯಾಹ್ನವಾಯಿತು. ಮೆಲಿಸ್‌ಗೆ ಹೊರಗೆ ಹೋಗುವ ಅವಸರ ಹತ್ತಿತು. ಕಕ್ಕಸು ಅಂಗಳದ ಆಚೆ ಇತ್ತು, ಝಾನಿಶ್ ಬಾಗಿಲಲ್ಲಿದ್ದ. ಆಗ ಅವನಿಗೆ ಬಾಯಿ ಬಂತು. ಈ ಸಾಲಿನಲ್ಲಿ ರಸ್ತೆ ಬರುತ್ತದೆ. ಮಾಲೀಕರೆಲ್ಲ ಸರ್ಕಾರದಿಂದ ಪರಿಹಾರ ತೆಗೆದುಕೊಂಡು ಹೋಗಿಯಾಗಿದೆ. ಖಾಲಿ ಮನೆಗಳ ಕೀಲಿ ಪುರಸಭೆಯ ಸಾಹೇಬರು ಇವನ ಕೈಗೆ ಕೊಟ್ಟಿದ್ದಾರೆ, ಬಂದದ್ದರಲ್ಲಿ ಅರ್ಧ ಅವರಿಗೆ. ವಸಂತದಲ್ಲಿ ಯಂತ್ರ ಬಂದು ಎಲ್ಲ ಕೆಡವುತ್ತದೆ. ಎಷ್ಟು ಸ್ಪಷ್ಟವಾಗಿ ಹೇಳಿದನೆಂದರೆ, ಇವನಿಗೆ ಮಾತೇ ಬಾರದು ಎಂದುಕೊಂಡಿದ್ದವರಿಗೆ ಆಶ್ಚರ್ಯವಾಯಿತು.

"ಈ ಸಾಲಿನ ಎಲ್ಲ ಮನೇಲೂ ಹೀಗೇ ಸೇರಿಸಿದ್ದೀಯಾ?"

"ಎಲ್ಲದರಲ್ಲೂ. ನಾನು ಬಡವ ಅಕ್ಕ. ಈಗ ಬಿಡಿ."

"ಆ ಯಂತ್ರ ಓಡಿಸೋನು ಎಲ್ಲಿರ್ತಾನೆ?"

ಮೆಲಿಸ್ ತಲೆ ತಗ್ಗಿಸಿದ. ಅವನಿಗೂ ಇದೇ ಸಾಲಿನ ಆರನೇ ಮನೆ ಕೊಟ್ಟಿದ್ದೇನೆ ಎಂದ.

ಝಾನಿಶ್ ಎದ್ದು ಬಾಗಿಲು ಬಿಟ್ಟ. ಮೆಲಿಸ್ ಓಡಿದ. ಅವನ ಹಿಂದೆಯೇ ಉಮ್ಸುನಾಯ್ ಶಾಲು ಹೊದ್ದು ಹೊರಬಿದ್ದಳು. ಗಂಟಿನ ಹೆಂಗಸು ಗಂಟು ಕೆಳಗಿಟ್ಟು, ತಾನೂ ಬರಲೇ ಎಂದು ಕೇಳಿದಳು. ಇಬ್ಬರೂ ಹಿಮ ತುಳಿಯುತ್ತ ಆರನೇ ಮನೆಗೆ ಹೋಗಿ ಬಾಗಿಲು ಬಡಿದರು. ಎಣ್ಣೆ ಮೆತ್ತಿದ ಅಂಗಿಯ ಒಬ್ಬ ಮನುಷ್ಯ ತೆರೆದ. ಹಿಂದೆ ಒಲೆಯ ಸುತ್ತ ಎರಡು ಸಂಸಾರದ ಮಕ್ಕಳು.

"ವಸಂತದಲ್ಲಿ ನಿನಗೆ ಒಂದು ಕೆಲಸ ಹೇಳ್ತಾರೆ ತಮ್ಮ," ಎಂದಳು ಉಮ್ಸುನಾಯ್. "ಈ ಸಾಲು ಕೆಡವೋಕೆ, ನಿನ್ನ ಮನೆಯೂ ಸೇರಿ. ಕೂತ್ಕೋ."