ಮುಟ್ಟಿ ಬಿಟ್ಟ ಚೀಟಿ

ನೂರಾ ಎಂಬತ್ತೇಳನೆಯ ಚೀಟಿ ಓರೆಯಾಗಿ ಕತ್ತರಿಸಿಹೋಯಿತು. 'ಹೆದರಬೇಡ' ಎಂಬ ಪದದ ತಲೆ ಹಾರಿತ್ತು. ಇನ್‌ಸುಕ್ ಅದನ್ನು ಕಸದ ಬುಟ್ಟಿಗೆ ಎಸೆದು, ಇನ್ನೊಂದು ಹಾಳೆಯನ್ನು ಕತ್ತರಿಸುವ ಹಲಗೆಯ ಮೇಲೆ ಸರಿಯಾಗಿ ಕೂರಿಸಿದಳು. ಅಲಗು ಇಳಿಯಿತು. ಈ ಸಲ ನೇರವಾಗಿ ಬಂತು.

ಹೊಸ ವರ್ಷದ ಆರಾಧನೆಯಲ್ಲಿ ಚರ್ಚಿನ ಸಭೆಯವರೆಲ್ಲ ಸಾಲಾಗಿ ಬಂದು ಬುಟ್ಟಿಗೆ ಕೈಹಾಕಿ ಒಂದೊಂದು ಚೀಟಿ ಎತ್ತುತ್ತಾರೆ. ಅದರಲ್ಲಿರುವ ಬೈಬಲ್ ವಾಕ್ಯ ಆ ವರ್ಷಕ್ಕೆಂದು ದೇವರು ಅವರಿಗೇ ಆಡಿದ ಮಾತು. ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಾರೆ, ಪರೀಕ್ಷೆಗೆ ಹೋಗುವ ಮಕ್ಕಳ ಜೇಬಿಗೆ ತುರುಕುತ್ತಾರೆ. ಹನ್ನೊಂದು ವರ್ಷಗಳಿಂದ ಈ ಮಾತುಗಳನ್ನು ಆರಿಸುತ್ತ ಬಂದವಳು ಇನ್‌ಸುಕ್.

ಆರಿಸಲು ಅವಳಿಗೊಂದು ನಿಯಮವಿತ್ತು. ಶಾಪ ಬೇಡ. ಸಾವು ಬೇಡ. ಯಾರನ್ನಾದರೂ ಎಲ್ಲಿಗಾದರೂ ಕಳಿಸುವ ವಾಕ್ಯ ಬೇಡ. ಇಷ್ಟು ತೆಗೆದ ಮೇಲೆ ಸಾಂತ್ವನ ಉಳಿಯುತ್ತಿತ್ತು. ಮುನ್ನೂರು ಸಾಂತ್ವನಗಳು, ಸುರುಳಿ ಸುತ್ತಿ, ರಿಬ್ಬನ್ ಕಟ್ಟಿದವು.

"ಮುಗೀತಾ?" ಗಂಡ ಬಾಗಿಲಲ್ಲಿ ನಿಂತು ಕೇಳಿದ.

"ಇನ್ನೂ ನೂರು ಚಿಲ್ಲರೆ ಇದೆ."

"ಪಾದ್ರಿಗಳು ಕೇಳ್ತಿದ್ರು. ನನ್ನ ಹೆಂಡ್ತಿಗೆ ಇದೇ ದೇವರು ಕೊಟ್ಟ ಸೇವೆ, ಅವಳು ತಪ್ಪಿಸಲ್ಲ ಅಂದೆ."

ಅವನು ಸಭೆಯ ಹಿರಿಯ. ಈ ಮಾತನ್ನು ಅವನು ಎಲ್ಲರೆದುರೂ ಹೇಳುತ್ತಿದ್ದ. ಹೇಳುವಾಗ ಅವಳನ್ನು ನೋಡುತ್ತಿರಲಿಲ್ಲ, ಕಾಗದದ ಕಂತೆಯನ್ನು ನೋಡುತ್ತಿದ್ದ.

"ಊಟಕ್ಕೆ ಏನ್ಮಾಡ್ಲಿ?" ಎಂದಳು ಇನ್‌ಸುಕ್.

"ಏನಾದ್ರೂ."

ಅಷ್ಟರಲ್ಲಿ ಬಾಗಿಲ ಗಂಟೆ ಬಾರಿಸಿತು.

"ಟೀಚರಮ್ಮಾ, ಇದ್ದೀರಾ? ಇಲ್ದೆ ಎಲ್ಲಿಗ್ ಹೋಗ್ತೀರಿ ಬಿಡಿ!"

ಡೊಕ್‌ಹೀ ಒಳಗೆ ಬಂದಳು. ಅರವತ್ತೊಂದರ ಹೆಂಗಸು, ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಬಟ್ಟೆ ರಿಪೇರಿ ಅಂಗಡಿ ಇಟ್ಟುಕೊಂಡವಳು. ಮದುವೆಗೆ ಮುಂಚೆ ಇನ್‌ಸುಕ್ ಆರು ವರ್ಷ ಹೈಸ್ಕೂಲಿನಲ್ಲಿ ಜರ್ಮನ್ ಕಲಿಸಿದ್ದಳು. ಆ ಶಾಲೆ ಜರ್ಮನ್ನನ್ನೇ ಕೈಬಿಟ್ಟು ಎಷ್ಟೋ ವರ್ಷವಾಗಿತ್ತು, ಡೊಕ್‌ಹೀ ಮಾತ್ರ ಅವಳನ್ನು ಟೀಚರ್ ಎಂದು ಕರೆಯುವುದನ್ನು ಬಿಟ್ಟಿರಲಿಲ್ಲ.

"ಸುಟ್ಟ ಗೆಣಸು ತಂದಿದೀನಿ. ಹಿರಿಯರಿಗೆ ಕೊಡ್ಬೇಡಿ, ವಾಯು ಆಗುತ್ತೆ, ಪ್ರಾರ್ಥನೆ ಮಧ್ಯೆ ಕಷ್ಟ." ಹಿರಿಯ ನಗಲಿಲ್ಲ. ಡೊಕ್‌ಹೀ ದನಿ ತಗ್ಗಿಸಿದಳು. "ನನ್ಜೊತೆ ಅಂಗಡಿಗೆ ಬರ್ತೀರಾ? ಒಂದ್ಮಾತಿದೆ. ಇಲ್ಲಿ ಬೇಡ."

ಇನ್‌ಸುಕ್ ಕೋಟು ಹಾಕಿಕೊಂಡಳು. ಏನು ಮಾತು ಎಂದು ಕೇಳಲಿಲ್ಲ. ಬರುವ ಮಂಗಳವಾರ ಡೊಕ್‌ಹೀ ಮಂಗೋಲಿಯಾಕ್ಕೆ ಹೊರಟಿದ್ದಳು. ಅಲ್ಲಿ ಗಂಡಂದಿರು ಹೊರಹಾಕಿದ ಹೆಂಗಸರಿಗಾಗಿ ಇವರ ಸಭೆಯೇ ನಡೆಸುವ ಒಂದು ಆಶ್ರಯದ ಮನೆಯಿತ್ತು. ಅವರಿಗೆ ಹೊಲಿಗೆ ಕಲಿಸುವುದು. ಅವಳಿಗೆ ಸಕ್ಕರೆ ಕಾಯಿಲೆ, ಮೊಣಕಾಲು ನೋವು, ಅಲ್ಲಿ ಮೈನಸ್ ಮೂವತ್ತರ ಚಳಿ. ಹೊರಟಳೆಂಬ ಸಿಟ್ಟಿಗೆ ಮಗಳು ಮಾತು ಬಿಟ್ಟಿದ್ದಳು. ಯಾಕೆ ಹೋಗುತ್ತೀ ಎಂದು ಕೇಳಿದವರಿಗೆಲ್ಲ ಡೊಕ್‌ಹೀ ಕಳೆದ ಹೊಸ ವರ್ಷಕ್ಕೆ ಎತ್ತಿದ ಚೀಟಿ ತೋರಿಸುತ್ತಿದ್ದಳು.

ಆ ಚೀಟಿ ಬುಟ್ಟಿಗೆ ಬಂದದ್ದು ಹೇಗೆಂದು ಇನ್‌ಸುಕ್‌ಗೆ ಗೊತ್ತಿತ್ತು. ಗೊತ್ತಿದ್ದವಳು ಅವಳೊಬ್ಬಳೇ.

ಹೋದ ಡಿಸೆಂಬರಿನಲ್ಲಿ ಅವಳು ನಿಯಮ ಮುರಿದಿದ್ದಳು. ಮನೆಯನ್ನೂ ಬಂಧುಗಳನ್ನೂ ಬಿಟ್ಟು ಹೊರಡು ಎಂದು ದೇವರು ಹಿಂದೊಮ್ಮೆ ಒಬ್ಬ ಮುದುಕನಿಗೆ ಹೇಳಿದ ವಾಕ್ಯವನ್ನು ಒಂದೇ ಒಂದು ಚೀಟಿಯಲ್ಲಿ ಮುದ್ರಿಸಿದ್ದಳು. ಗುರುತಿಗೆಂದು ಅದರ ರಿಬ್ಬನ್ನಿಗೆ ಎರಡು ಗಂಟು ಹಾಕಿದ್ದಳು. ಅದು ತನಗೆ. ಎಲ್ಲಿಗೆ ಹೊರಡುವುದೆಂದು ಯೋಚಿಸಿರಲಿಲ್ಲ. ಹೊರಡುತ್ತೇನೆ ಎಂದು ಅವಳು ಹೇಳಿದ್ದರೆ ಗಂಡ ಡಾಕ್ಟರ ಬಳಿ ಕರೆದುಕೊಂಡು ಹೋಗುತ್ತಿದ್ದ. ದೇವರ ಚೀಟಿ ಹೇಳಿದರೆ ಸಭೆಯ ಹಿರಿಯ ಆಮೆನ್ ಎನ್ನಲೇಬೇಕು.

ಆರಾಧನೆಯ ದಿನ ಬುಟ್ಟಿಯಲ್ಲಿ ಬೆರಳಿಗೆ ಎರಡು ಗಂಟು ಸಿಕ್ಕಿತ್ತು. ಅವಳು ಅದನ್ನು ಬಿಟ್ಟು ಪಕ್ಕದ್ದನ್ನು ಎತ್ತಿಕೊಂಡಳು. ಯಾಕೆಂದು ವರ್ಷವಿಡೀ ಕೇಳಿಕೊಂಡಿದ್ದಳು. ದೇವರ ಕರೆ ಬಂದರೆ ಓಗೊಡಲಾರದೆ ಓಡಿಹೋದವರ ಕಥೆ ಅವಳು ಕೇಳಿದ್ದಳು. ತಾನೇ ಬರೆದುಕೊಂಡ ಕರೆಗೂ ಓಗೊಡದವರ ಕಥೆ ಎಲ್ಲೂ ಕೇಳಿರಲಿಲ್ಲ.

ಅಂಗಡಿಯಲ್ಲಿ ಹೊಲಿಗೆ ಯಂತ್ರವಿರಲಿಲ್ಲ. ಅದಾಗಲೇ ಪೆಟ್ಟಿಗೆ ಸೇರಿತ್ತು. ಉದ್ದನೆಯ ಕಂಬಿಗೆ ಬಟ್ಟೆಗಳು ಮಾತ್ರ ತೂಗಾಡುತ್ತಿದ್ದವು. ಕೋಟು, ಪ್ಯಾಂಟು, ಯಾರದೋ ನಿಶ್ಚಿತಾರ್ಥದ ಗುಲಾಬಿ ಲಂಗ. ಪ್ರತಿಯೊಂದಕ್ಕೂ ನಂಬರಿನ ಕಾಗದ ಪಿನ್ ಮಾಡಿತ್ತು.

"ಇವರಿಗೆಲ್ಲ ಫೋನ್ ಮಾಡಿ ಮಾಡಿ ಬೆರಳು ಸವೀತು," ಎಂದಳು ಡೊಕ್‌ಹೀ. "ರಿಂಗ್ ಆಗುತ್ತೆ, ಎತ್ತಲ್ಲ."

"ಮರ್ತಿರ್ತಾರೆ ಅಕ್ಕ."

"ಮರೀತಾರಾ? ಈ ಕೋಟಿನವಳು 'ಇವತ್ತೇ ಬೇಕು, ಇವತ್ತೇ ಬೇಕು' ಅಂತ ತಲೆ ತಿಂದಿದ್ಲು. ಮೂರು ವರ್ಷ ಆಯ್ತು. ಕೂತ್ಕೊಳ್ಳಿ. ಭಾನುವಾರ ಎಲ್ಲರ ಮುಂದೆ ನಾನು ಸಾಕ್ಷಿ ಹೇಳ್ಬೇಕು, ದೇವರು ಹೆಂಗೆ ಕರೆದ ಅಂತ. ಅದಕ್ಮುಂಚೆ ಒಂದು ಕೇಳ್ತೀನಿ. ಸುಳ್ ಹೇಳ್ಬೇಡಿ."

"ಏನು?"

"ಆ ಚೀಟಿ ನಿಮ್ದಾ?"

ಇನ್‌ಸುಕ್ ಒಂದು ಕೋಟಿನ ತೋಳನ್ನು ನೋಡಿದಳು. ಹೊಲಿಗೆ ಎಲ್ಲಿ ಬಿದ್ದಿದೆಯೆಂದು ಕಾಣುತ್ತಲೇ ಇರಲಿಲ್ಲ.

"ಯಾಕೆ ಹಂಗ್ ಕೇಳ್ತೀರಿ?"

"ಸಾಲಲ್ಲಿ ನನ್ಮುಂದೆ ನೀವಿದ್ರಿ. ದರ್ಜಿ ಅಲ್ವಾ, ಜನರ ಮುಖಕ್ಕಿಂತ ಕೈ ಮೊದಲು ಕಾಣುತ್ತೆ ನಂಗೆ. ಒಂದು ಸುರುಳಿ ಹಿಡಿದ್ರಿ. ಹಿಡಿದು, ಕಾದ ಹೆಂಚು ಮುಟ್ಟಿದೋರ ಹಂಗೆ ಬಿಟ್ಬಿಟ್ರಿ. ಪಾಪ ಅನ್ನಿಸ್ತು."

"ನನ್ಮೇಲಾ?"

"ಚೀಟಿ ಮೇಲೆ. ಅದನ್ನೇ ಎತ್ಕೊಂಡೆ. ನಂಗೆ ಚಿಕ್ಕಂದಿನಿಂದ್ಲೂ ಹಂಗೆ, ತಟ್ಟೇಲಿ ಯಾರೂ ಮುಟ್ಟದ ಮೀನು ನನ್ದೇ." ಡೊಕ್‌ಹೀ ನಕ್ಕಳು. ನಗು ಬೇಗ ಮುಗಿಯಿತು. "ಮನೇಲಿ ಬಿಚ್ಚಿದ್ರೆ ಹೊರಡು ಅಂತಿದೆ. ಉಳಿದೋರ್ನೆಲ್ಲ ಕೇಳ್ದೆ. ಎಲ್ರಿಗೂ ಹೆದರಬೇಡ, ಜೊತೇಲಿದೀನಿ, ಅಷ್ಟೇ. ಅವತ್ತಿಂದ ನಂಗೆ ಒಂದೇ ಚಿಂತೆ. ದೇವರು ನಿಮಗೆ ಕೊಟ್ಟಿದ್ದನ್ನ ನಾನು ಮಧ್ಯೆ ಕದ್ನಾ ಅಂತ."

ಬ್ಯಾಗಿನಿಂದ ಚೀಟಿ ತೆಗೆದಳು. ಪ್ಲಾಸ್ಟಿಕ್ಕಿನ ಕವರಿನಲ್ಲಿಟ್ಟಿದ್ದಳು. ಇಬ್ಬರ ನಡುವಿನ ಮೇಜಿನ ಮೇಲೆ ಇಟ್ಟು ಇನ್‌ಸುಕ್‌ಳತ್ತ ಸರಿಸಿದಳು.

"ನಿಮ್ದಾಗಿದ್ರೆ ತಗೊಳ್ಳಿ. ಟಿಕೆಟ್ ಹಾಳಾಗ್ಲಿ. ನಾನು ಇಲ್ಲೇ ಕೂತು ಪ್ಯಾಂಟಿನ ಉದ್ದ ಕಡಿಮೆ ಮಾಡ್ತೀನಿ. ಬೇಜಾರಿಲ್ಲ. ಹಿರಿಯರಿಗೆ ನಾನೇ ಬಂದು ಹೇಳ್ತೀನಿ. ಈ ಸೂಜಿ ಬಾಯಿಗೆ ಅವರು ಸ್ವಲ್ಪ ಹೆದರ್ತಾರೆ."

ಯಾರೋ ಎರಡನೆಯ ಸಲ ಅವಳ ಮುಂದೆ ಬುಟ್ಟಿ ಹಿಡಿದಂತಿತ್ತು. ಈ ಸಲ ಬುಟ್ಟಿಯಲ್ಲಿ ಒಂದೇ ಚೀಟಿ.

ನಿಜ ಹೇಳುವುದು ಸುಲಭವಿತ್ತು. ನಾನೇ ಮುದ್ರಿಸಿದೆ, ನಾನೇ ಗಂಟು ಹಾಕಿದೆ, ಇದರಲ್ಲಿ ದೇವರಿಲ್ಲ. ಆಗ ಈ ಹೆಂಗಸು ಚಳಿಗೆ ಹೋಗಿ ಸಾಯುವುದು ತಪ್ಪುತ್ತಿತ್ತು. ಅಥವಾ, ನನ್ನದೇ, ಕೊಡಿ ಎನ್ನಬಹುದಿತ್ತು. ಇನ್‌ಸುಕ್ ಬಾಯಿ ತೆರೆದಳು. ಸಂಜೆಗೆ ಸೋಯಾ ಮೊಳಕೆಯ ಸಾರು ಮಾಡಿದರಾಯಿತು ಎಂದು ಮನಸ್ಸಿಗೆ ಬಂತು. ಮನೆಯಲ್ಲಿ ಮೊಳಕೆ ಇದೆ.

"ನಂದಲ್ಲ," ಎಂದಳು.

"ಮುಟ್ಟಿದ್ರಲ್ಲ."

"ಕೈ ತಾಗಿರ್ಬೇಕು."

"ಆಣೆ?"

"ನಿಮ್ಮದೇ ಅಕ್ಕ."

ಡೊಕ್‌ಹೀ ಕುರ್ಚಿಗೆ ಒರಗಿ ಉಸಿರು ಬಿಟ್ಟಳು. ಕಣ್ಣು ತುಂಬಿತ್ತು. "ಅಬ್ಬಾ! ವರ್ಷದಿಂದ ಎದೇಲಿ ಕಲ್ಲಿತ್ತು. ಹಂಗಾದ್ರೆ ಮುನ್ನೂರರಲ್ಲಿ ಇದೊಂದು ಯಾರಿಟ್ಟಿದ್ದು? ಕತ್ತರಿಸಿದ್ದು ನೀವೇ ತಾನೆ?"

"ಹೇಗೋ ಸೇರಿಕೊಂಡಿರ್ಬೇಕು."

"ನೋಡಿ! ನಿಮಗೇ ಗೊತ್ತಿಲ್ಲ! ದೇವರ ಕೆಲಸ ಅಂದ್ರೆ ಇದೇ ಅಲ್ವಾ?" ಅವಳು ಇನ್‌ಸುಕ್‌ಳ ಎರಡೂ ಕೈಗಳನ್ನು ಹಿಡಿದು ಅಲುಗಿಸಿದಳು. "ಭಾನುವಾರ ಇದನ್ನೂ ಸೇರಿಸಿ ಹೇಳ್ತೀನಿ. ಮುಂದಿನ ಸಾಲಲ್ಲಿ ಕೂತ್ಕೋಬೇಕು ನೀವು."

ಅವಳಿಗೆ ಕ್ಲಿನಿಕ್ಕಿನಲ್ಲಿ ಪ್ರಯಾಣದ ಇಂಜೆಕ್ಷನ್ ಹಾಕಿಸಿಕೊಳ್ಳುವುದಿತ್ತು. ಒಂದು ಗಂಟೆ ಕೂತಿರಿ, ಅಪ್ಪಿತಪ್ಪಿ ಯಾರಾದರೂ ಬಂದರೆ ಬಟ್ಟೆ ಕೊಟ್ಟುಬಿಡಿ ಎಂದಳು. ಗಾಳಿಗೆ ತೆರೆದುಕೊಳ್ಳುವ ಬಾಗಿಲು, ಒಳಗಿನಿಂದ ಚಿಲಕ ಹಾಕಿಕೊಳ್ಳಿ ಎಂದೂ ಹೇಳಿದಳು. ಚೀಟಿಯನ್ನು ಜೋಪಾನವಾಗಿ ಒಳಗಿಟ್ಟುಕೊಂಡು, ಕುಂಟುವ ಕಾಲನ್ನೇ ಬೇಗಬೇಗ ಹಾಕುತ್ತ ಓಣಿ ದಾಟಿದಳು. ಎಲ್ಲಿಗೋ ಹೋಗುವ ಮನುಷ್ಯರ ನಡಿಗೆ ಅದು. ಇನ್‌ಸುಕ್ ಗಾಜಿನ ಹಿಂದಿನಿಂದ ನೋಡಿದಳು.

ಅವಳು ಚಿಲಕ ಹಾಕಿ ಬಟ್ಟೆಗಳ ಕೆಳಗೆ ಕೂತಳು. ತಾನು ಕಟ್ಟಿದ ಸುಳ್ಳು ಇನ್ನೊಬ್ಬಳ ಕೈಗೆ ಹೋಗಿ ನಿಜವಾಗಿತ್ತು. ದೇವರೆಂದರೆ ಹೀಗಿರಬಹುದೇ? ಯಾರು ಬರೆದರೇನು, ಎತ್ತಿಕೊಂಡವರಿಗೆ ಅದು ಕರೆ. ಈ ಯೋಚನೆಯಿಂದ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಹಾಗಾದರೆ ಅಂದು ಬೆರಳಿಗೆ ಸಿಕ್ಕಿದ್ದೂ ನಿಜವೇ ಆಗಿತ್ತು. ಇವತ್ತು ಮೇಜಿನ ಮೇಲೆ ಸರಿದು ಬಂದದ್ದೂ.

ಹೊರಗೆ ಸಂಜೆ ಇಳಿಯಿತು. ಅವಳು ಎದ್ದು ದೀಪ ಹಾಕಿದಳು.

ಯಾರೋ ಗಾಜು ತಟ್ಟಿದರು.

ಒಬ್ಬ ಹೆಂಗಸು. ಕೈಯಲ್ಲಿ ಹಳದಿಗಟ್ಟಿದ ರಸೀತಿ. "ಯಾರಾದ್ರೂ ಇದ್ದೀರಾ? ನನ್ ಬಟ್ಟೆ ಇತ್ತು. ತಡ ಆಗೋಯ್ತು, ಗೊತ್ತು."

ಚಿಲಕ ಮೂರು ಹೆಜ್ಜೆ ದೂರದಲ್ಲಿತ್ತು. ನಂಬರು ನೋಡಿ, ಬಟ್ಟೆ ಇಳಿಸಿ, ಕೊಟ್ಟರಾಯಿತು. ಇನ್‌ಸುಕ್ ಬಾಗಿಲಿಗೆ ಹೋಗಲಿಲ್ಲ. ಕೋಟು ಮತ್ತು ಲಂಗದ ನಡುವೆ ಸರಿದು ನಿಂತಳು. ಬಟ್ಟೆಗಳು ಅವಳನ್ನು ತಮ್ಮೊಳಗೆ ಸೇರಿಸಿಕೊಂಡವು.

"ದೀಪ ಉರೀತಿದೆಯಲ್ಲ," ಎಂದಿತು ಹೊರಗಿನ ದನಿ. ಮತ್ತೆ ತಟ್ಟಿತು. ಜೋರಾಗಿ ಅಲ್ಲ.

ಆಗ ಇನ್‌ಸುಕ್ ನಿರ್ಧರಿಸಿದಳು. ಅದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ತೂಗುವ ತೋಳುಗಳ ನಡುವಿನಿಂದ ಕೈ ಚಾಚಿ ಗೋಡೆಯ ಸ್ವಿಚ್ಚನ್ನು ಮೆಲ್ಲಗೆ ಒತ್ತಿದಳು.

ಒಳಗೆ ಕತ್ತಲಾದ ಮೇಲೆ ಹೊರಗಿನದು ಸ್ಪಷ್ಟವಾಗಿ ಕಂಡಿತು. ಹೆಂಗಸು ಹೋಗಿರಲಿಲ್ಲ. ಎರಡೂ ಕೈಗಳನ್ನು ಹಣೆಗೆ ಅಡ್ಡ ಹಿಡಿದು ಮುಖವನ್ನು ಗಾಜಿಗೆ ಒತ್ತಿ ನಿಂತಿದ್ದಳು. ಅವಳ ಉಸಿರಿಗೆ ಗಾಜಿನ ಮೇಲೆ ಮಂಜು ಮೂಡುತ್ತಿತ್ತು, ಅಳಿಯುತ್ತಿತ್ತು, ಮೂಡುತ್ತಿತ್ತು.